ವಿದೇಶಕ್ಕೆ ಹೊರಟಿರಾ? ಮೊದಲು ಅಟ್ಟ ಖಾಲಿ ಮಾಡಿ

ವೀಸಾ ಕೈಗೆ ಬಂದ ಮೇಲೆ ನೆಂಟರಿಷ್ಟರು ಕೇಳುವುದು ಒಂದೇ ಪ್ರಶ್ನೆ: ‘ಏನೇನು ತಗೊಂಡು ಹೋಗ್ತೀರಿ?’ ಅದಕ್ಕೆ ವಿಮಾನದ ಟಿಕೆಟ್ಟೇ ಉತ್ತರ ಕೊಟ್ಟುಬಿಡುತ್ತದೆ. ಅಮೆರಿಕ, ಕೆನಡಾ ಕಡೆಗೆ ಸಾಮಾನ್ಯ ದರ್ಜೆಯ ಪ್ರಯಾಣಿಕರಿಗೆ ಹೆಚ್ಚಾಗಿ ತಲಾ 23 ಕೆ.ಜಿ.ಯ ಎರಡು ಪೆಟ್ಟಿಗೆ. ಯುರೋಪಿನ ಎಷ್ಟೋ ಟಿಕೆಟ್‌ಗಳಲ್ಲಿ ಒಂದೇ. ಎರಡರ ಲೆಕ್ಕ ಹಿಡಿದರೂ ನಾಲ್ವರ ಸಂಸಾರಕ್ಕೆ ಸಿಗುವುದು 184 ಕೆ.ಜಿ. ಹತ್ತು ವರ್ಷ ಬಾಳಿದ ಮನೆಯಲ್ಲಿ ಅಡುಗೆಮನೆಯ ಪಾತ್ರೆ, ಪುಸ್ತಕದ ಕಪಾಟು ಇವೆರಡೇ ಅದನ್ನು ಮೀರಿಬಿಡುತ್ತವೆ. ಉಳಿದದ್ದನ್ನು ಏನು ಮಾಡುವುದು ಎಂಬುದೇ ಹೊರಡುವವರ ನಿಜವಾದ ಕೆಲಸ.

ಈ ಕೆಲಸವನ್ನು ಹೆಚ್ಚಿನವರು ಕೊನೆಯ ಹದಿನೈದು ದಿನಕ್ಕೆ ತಳ್ಳುತ್ತಾರೆ. ಆಗ ಒಳ್ಳೆಯ ಸಾಮಾನು ಗುಜರಿಗೆ ಹೋಗುತ್ತದೆ, ಕೆಲಸಕ್ಕೆ ಬಾರದ್ದು ಅಪ್ಪ–ಅಮ್ಮನ ಮನೆಯ ಅಟ್ಟ ಸೇರುತ್ತದೆ, ಬೇಕಾದ ಕಾಗದ ಯಾವ ಡಬ್ಬದಲ್ಲಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಮೂರು ತಿಂಗಳು ಮೊದಲೇ ಕೈ ಹಚ್ಚಿದರೆ ಈ ಮೂರೂ ತಪ್ಪುತ್ತವೆ.

ಎರಡೇ ಪ್ರಶ್ನೆ

ಯಾವ ವಸ್ತುವನ್ನೇ ಕೈಗೆತ್ತಿಕೊಳ್ಳಿ, ಅದಕ್ಕೆ ಎಷ್ಟು ಕೊಟ್ಟಿದ್ದೆವು ಎಂದು ಲೆಕ್ಕ ಹಾಕಬೇಡಿ. ಕೇಳಬೇಕಾದದ್ದು ಎರಡೇ. ಒಂದು, ಇದರ ಬದಲಿ ಅಲ್ಲಿ ಸಿಗುತ್ತದೆಯೇ? ಎರಡು, ಇಲ್ಲೇ ಬಿಟ್ಟರೆ ಇದನ್ನು ನೋಡಿಕೊಳ್ಳುವವರು ಯಾರು, ಅವರ ಹೆಸರು ಹೇಳಬಲ್ಲೆವೇ?

ಅಲ್ಲಿ ಸಿಗದ, ಪೆಟ್ಟಿಗೆಯಲ್ಲಿ ಹಿಡಿಯುವ ವಸ್ತು ನಿಮ್ಮ ಜೊತೆ ಬರಲಿ. ಸಿಗದ, ಆದರೆ ಹಿಡಿಯದ ವಸ್ತುವಿಗೆ ಇಲ್ಲೇ ಒಬ್ಬ ವಾರಸುದಾರ ಬೇಕು. ಅಲ್ಲೂ ಸಿಗುವ ವಸ್ತುವನ್ನು ಮಾರಿ, ಇಲ್ಲವೇ ಕೊಡಿ. ‘ಇರಲಿ ಬಿಡು, ಯಾವತ್ತಾದರೂ ಬೇಕಾಗುತ್ತೆ’ ಎಂಬ ಮಾತಿಗೆ ಈ ವಿಂಗಡಣೆಯಲ್ಲಿ ಜಾಗವಿಲ್ಲ. ಮನೆಮಂದಿಯೆಲ್ಲ ಸೇರಿ ಒಂದೊಂದು ಕೋಣೆಯ ಪಟ್ಟಿಯನ್ನು ನೋಟ್‌ಬುಕ್ಕಿನಲ್ಲಿ ಬರೆದು, ಪ್ರತಿ ವಸ್ತುವಿನ ಮುಂದೆ ‘ಒಯ್ಯು’, ‘ಕೊಡು’, ‘ಮಾರು’, ‘ಇಡು’ ಎಂಬ ನಾಲ್ಕರಲ್ಲಿ ಒಂದನ್ನು ಹಾಕಿ. ‘ಇಡು’ ಎಂದು ಬರೆದಲ್ಲೆಲ್ಲ ಯಾರ ಮನೆಯಲ್ಲಿ, ಎಷ್ಟು ದಿನ ಎಂದೂ ಬರೆಯಿರಿ. ಹೆಸರು ಬರೆಯಲಾಗದಿದ್ದರೆ ಆ ವಸ್ತು ‘ಇಡು’ ಪಟ್ಟಿಯದ್ದಲ್ಲ.

ಮನಸ್ಸು ಅಂಟಿಕೊಳ್ಳದ ಜಾಗದಿಂದ ಶುರು ಮಾಡುವುದು ಒಳ್ಳೆಯದು: ಬಚ್ಚಲುಮನೆ, ಔಷಧದ ಡಬ್ಬ, ಹಳೆಯ ಚಾರ್ಜರ್‌ಗಳ ಡ್ರಾಯರ್, ಅಟ್ಟದ ಮೇಲಿನ ಖಾಲಿ ರಟ್ಟಿನ ಪೆಟ್ಟಿಗೆ. ಫೋಟೊ, ಪತ್ರ, ಮಕ್ಕಳ ಮೊದಲ ಬಟ್ಟೆ ಕೊನೆಗಿರಲಿ. ಮೊದಲೇ ಆಲ್ಬಮ್ ಬಿಚ್ಚಿ ಕುಳಿತವರ ಭಾನುವಾರ ಅಲ್ಲಿಗೇ ಮುಗಿಯುತ್ತದೆ.

ಅಡುಗೆಮನೆ: ವೋಲ್ಟೇಜು ಮೊದಲು, ಆಸೆ ಆಮೇಲೆ

ನಮ್ಮ ವಿದ್ಯುತ್ತು 230 ವೋಲ್ಟ್, 50 ಹರ್ಟ್ಸ್. ಬ್ರಿಟನ್, ಯುರೋಪ್, ಆಸ್ಟ್ರೇಲಿಯಾ, ಸಿಂಗಪುರ, ಯುಎಇಗಳಲ್ಲೂ ಹೆಚ್ಚುಕಡಿಮೆ ಅಷ್ಟೇ. ಪ್ಲಗ್ಗಿನ ಆಕಾರ ಬೇರೆ ಎನ್ನುವುದನ್ನು ಬಿಟ್ಟರೆ ನಮ್ಮ ಮಿಕ್ಸಿ ಅಲ್ಲಿ ತಿರುಗುತ್ತದೆ. ಅಮೆರಿಕ, ಕೆನಡಾಗಳಲ್ಲಿ 120 ವೋಲ್ಟ್, 60 ಹರ್ಟ್ಸ್. ಜಪಾನಿನಲ್ಲಿ 100 ವೋಲ್ಟ್. ಇಲ್ಲಿನ ಮಿಕ್ಸಿ, ಗ್ರೈಂಡರ್, ಇಸ್ತ್ರಿಪೆಟ್ಟಿಗೆಗಳನ್ನು ಅಲ್ಲಿ ಬಳಸಲು ದಪ್ಪ ಟ್ರಾನ್ಸ್‌ಫಾರ್ಮರ್ ಬೇಕು, ಅದರ ತೂಕ ಮಿಕ್ಸಿಯ ತೂಕಕ್ಕೆ ಸೇರುತ್ತದೆ. 110 ವೋಲ್ಟ್‌ಗೆಂದೇ ಮಾಡಿದ ಭಾರತೀಯ ಮಿಕ್ಸಿಗಳು ಅಮೆರಿಕದಲ್ಲಿ ಸಿಗುವುದರಿಂದ ಇಲ್ಲಿನದನ್ನು ತಂಗಿಗೋ ಪಕ್ಕದ ಮನೆಯವರಿಗೋ ಕೊಟ್ಟುಬಿಡುವುದೇ ಲಾಭ. ಫೋನು, ಲ್ಯಾಪ್‌ಟಾಪುಗಳ ಚಿಂತೆ ಬೇಡ. ಅವುಗಳ ಚಾರ್ಜರ್ ಮೇಲೆ ಸಣ್ಣಕ್ಷರದಲ್ಲಿ 100–240 ವೋಲ್ಟ್ ಎಂದು ಅಚ್ಚಾಗಿದ್ದರೆ ಎಲ್ಲ ದೇಶಕ್ಕೂ ನಡೆಯುತ್ತದೆ.

ಮುಂದಿನ ಪ್ರಶ್ನೆ ಒಲೆಯದ್ದು. ಹೋಗುವ ಮನೆಯಲ್ಲಿ ಗ್ಯಾಸ್ ಒಲೆಯೋ, ಗಾಜಿನ ಮೇಲ್ಮೈಯ ಕರೆಂಟ್ ಒಲೆಯೋ, ಇಂಡಕ್ಷನ್ನೋ ಎಂದು ಮೊದಲೇ ವಿಚಾರಿಸಿ. ಇಂಡಕ್ಷನ್ ಒಲೆ ಬರಿಯ ಅಲ್ಯೂಮಿನಿಯಂ ಪಾತ್ರೆಯನ್ನು ಬಿಸಿ ಮಾಡುವುದಿಲ್ಲ. ತಳಕ್ಕೆ ಅಯಸ್ಕಾಂತ ಅಂಟಿದರೆ ಮಾತ್ರ ಆ ಪಾತ್ರೆ ಉಪಯೋಗಕ್ಕೆ ಬರುತ್ತದೆ. ಗುಂಡು ತಳದ ಬಾಣಲೆ ಗಾಜಿನ ಒಲೆಯ ಮೇಲೆ ನೆಟ್ಟಗೆ ನಿಲ್ಲುವುದೂ ಇಲ್ಲ, ಸರಿಯಾಗಿ ಕಾಯುವುದೂ ಇಲ್ಲ.

ಹಾಗಾದರೆ ಏನು ಒಯ್ಯಬೇಕು? ಸ್ಟೀಲ್ ಕುಕ್ಕರ್ ಒಂದು, ಅದಕ್ಕೆ ಎರಡು ಮೂರು ಬಿಡಿ ಗ್ಯಾಸ್ಕೆಟ್, ಒಂದು ಸೇಫ್ಟಿ ವಾಲ್ವ್, ಒಂದು ವಿಶಲ್. ಇಡ್ಲಿ ತಟ್ಟೆ, ಚಕ್ಕುಲಿ ಒರಳು, ಶಾವಿಗೆ ಒರಳು, ಒಗ್ಗರಣೆ ಸೌಟು, ಸಾಸಿವೆ ಡಬ್ಬಿ. ಭಾರತೀಯ ಅಂಗಡಿ ದೂರವಿರುವ ಊರಿನಲ್ಲಿ ಇವು ಬೆಲೆಗಿಂತ ಹೆಚ್ಚು ಬಾಳುತ್ತವೆ. ಕುಕ್ಕರ್ ಒಳಗೆ ಬೇಳೆ ಡಬ್ಬಿಯನ್ನೋ ಬಟ್ಟೆಯನ್ನೋ ತುಂಬಿದರೆ ಜಾಗ ಉಳಿಯುತ್ತದೆ. ಈಳಿಗೆ ಮಣೆ, ಚಾಕು, ತುರಿಮಣೆಗಳು ಚೆಕ್-ಇನ್ ಪೆಟ್ಟಿಗೆಗೆ. ಪವರ್ ಬ್ಯಾಂಕ್ ಕೈಚೀಲಕ್ಕೆ. ಇವು ಅದಲುಬದಲಾದರೆ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಬಿಚ್ಚುವ ಪಾಡು ತಪ್ಪದು.

ಸಂಡಿಗೆ, ಹಪ್ಪಳ, ಸಾರಿನ ಪುಡಿ

ಹೊರಡುವ ಮುನ್ನ ಪ್ರತಿ ಅತ್ತೆ, ಚಿಕ್ಕಮ್ಮ ಒಂದೊಂದು ಡಬ್ಬಿ ತಂದುಕೊಡುತ್ತಾರೆ. ಬೇಡ ಎನ್ನುವುದು ಕಷ್ಟ. ಆದರೆ ದೇಶದೇಶದ ಕಾನೂನು ನೋಡದೆ ತುಂಬಿಕೊಂಡರೆ ಅಲ್ಲಿನ ಕಸದ ಬುಟ್ಟಿಗೆ ಹೋಗುವುದು ಅವರ ಪ್ರೀತಿಯೇ.

ಮೊದಲು ಕೊಬ್ಬರಿ. ಎಣ್ಣೆಯಂಶದಿಂದಾಗಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಸಾಲಿಗೆ ವಿಮಾನಯಾನದ ನಿಯಮಗಳು ಒಣ ಕೊಬ್ಬರಿಯನ್ನು ಸೇರಿಸಿವೆ. ಚೆಕ್-ಇನ್ ಪೆಟ್ಟಿಗೆಯಲ್ಲಿ ಗಿಟುಕು ಕಂಡರೆ ತೆಗೆಸುತ್ತಾರೆ. ತಿಪಟೂರಿನ ಕೊಬ್ಬರಿ ಎಷ್ಟೇ ಚೆನ್ನಾಗಿದ್ದರೂ ಊರಲ್ಲೇ ಇರಲಿ.

ಗಸಗಸೆ ಇನ್ನೂ ಅಪಾಯ. ಅದು ಅಫೀಮಿನ ಗಿಡದ ಬೀಜವಾದ್ದರಿಂದ ಯುಎಇ, ಸಿಂಗಪುರಗಳಲ್ಲಿ ಮಾದಕವಸ್ತು ಕಾನೂನಿನ ಕಣ್ಣಿಗೆ ಬೀಳುತ್ತದೆ. ಪಾಯಸಕ್ಕೆಂದು ಒಯ್ದ ಪೊಟ್ಟಣವೇ ಪೊಲೀಸ್ ವಿಚಾರಣೆಗೆ ಎಡೆಮಾಡಬಹುದು. ಆ ದಾರಿಯಾಗಿ ವಿಮಾನ ಬದಲಿಸುವವರೂ ಗಸಗಸೆ ಇಟ್ಟುಕೊಳ್ಳದಿರುವುದು ಕ್ಷೇಮ.

ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಕಟ್ಟುನಿಟ್ಟು ಜಗತ್ತಿಗೇ ಗೊತ್ತು. ಧಾನ್ಯ ತಿನ್ನುವ ಖಾಪ್ರಾ ದುಂಬಿಯ ಭಯದಿಂದ ಆಸ್ಟ್ರೇಲಿಯಾ ಅಕ್ಕಿ, ಕಡಲೆ, ಹೆಸರುಕಾಳು, ಜೀರಿಗೆ, ಕೊತ್ತಂಬರಿ ಬೀಜ, ಒಣ ಮೆಣಸಿನಕಾಯಿ ಇವನ್ನೆಲ್ಲ ಪ್ರಯಾಣಿಕರ ಸಾಮಾನಿನಲ್ಲಿ ತರುವುದನ್ನೇ ನಿಷೇಧಿಸಿದೆ. ಅಂದರೆ ಸಾರಿನ ಪುಡಿಗೆ ಬೇಕಾದ ಸಾಮಗ್ರಿಯಲ್ಲಿ ಅರ್ಧಕ್ಕರ್ಧ ಹೊರಗೆ. ಮಿಕ್ಕ ತಿನಿಸು, ಮರದ ಸಾಮಾನು, ಮಣ್ಣು ಮೆತ್ತಿದ ಬೂಟು ಎಲ್ಲವನ್ನೂ ಪ್ರವೇಶದ ಅರ್ಜಿಯಲ್ಲಿ ಘೋಷಿಸಬೇಕು. ನ್ಯೂಜಿಲೆಂಡಿನಲ್ಲಿ ಘೋಷಿಸದೆ ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ. ಜೇನುತುಪ್ಪ ಅಲ್ಲಿ ಪೂರ್ತಿ ನಿಷಿದ್ಧ. ಘೋಷಿಸಿದ ವಸ್ತುವನ್ನು ಕಿತ್ತುಕೊಂಡರೂ ದಂಡವಿಲ್ಲ, ಆದ್ದರಿಂದ ಅನುಮಾನ ಬಂದರೆ ಬರೆದುಬಿಡಿ.

ಅಮೆರಿಕವೂ ಅದೇ ದುಂಬಿಯ ಕಾರಣಕ್ಕೆ ಭಾರತದಿಂದ ಪ್ರಯಾಣಿಕರಿಗೆ ಅಕ್ಕಿ ತರಲು ಬಿಡುವುದಿಲ್ಲ. ನಿಂಬೆ ಜಾತಿಯ ಗಿಡಗಳಿಗೆ ರೋಗ ಹರಡುತ್ತದೆಂದು ಹಸಿ ಕರಿಬೇವನ್ನೂ ತಡೆಯುತ್ತದೆ. ಐರೋಪ್ಯ ಒಕ್ಕೂಟ ಮತ್ತು ಬ್ರಿಟನ್‌ಗಳಿಗೆ ನಮ್ಮಲ್ಲಿಂದ ಹಾಲು, ಮಾಂಸದ ಪದಾರ್ಥ ಒಯ್ಯುವಂತಿಲ್ಲ. ತುಪ್ಪ, ಧಾರವಾಡ ಪೇಡ ಎರಡೂ ಈ ಪಟ್ಟಿಗೆ ಬರುತ್ತವೆ.

ಇಷ್ಟೆಲ್ಲ ನೋಡಿದ ಮೇಲೆ ತೀರ್ಮಾನ ಸರಳ: ಹೊರಡುವ ಎರಡು ತಿಂಗಳು ಮೊದಲೇ ದಿನಸಿ ಕೊಳ್ಳುವುದನ್ನು ಕಡಿಮೆ ಮಾಡಿ, ಡಬ್ಬಿಗಳನ್ನು ತಿಂದು ಖಾಲಿ ಮಾಡಿ. ಮನೆ ಹಗುರ ಮಾಡಲು ಇದಕ್ಕಿಂತ ರುಚಿಯಾದ ದಾರಿ ಇಲ್ಲ.

ಬಟ್ಟೆ, ಜರಿ, ಒಡವೆ

ಚಳಿದೇಶಕ್ಕೆ ಹೋಗುವವರು ಇಲ್ಲೇ ರಾಶಿ ಸ್ವೆಟರ್ ಕೊಳ್ಳುವುದು ವಾಡಿಕೆ. ಬೆಂಗಳೂರಿನ ಡಿಸೆಂಬರ್‌ಗೆ ಹೊಂದುವ ಉಣ್ಣೆ, ಸೊನ್ನೆಗಿಂತ ಕೆಳಗಿಳಿಯುವ ಊರಿನಲ್ಲಿ ಸಾಲದು. ವಿಮಾನದಿಂದ ಇಳಿದು ಮನೆ ಸೇರುವಷ್ಟಕ್ಕೆ ಒಂದು ಜಾಕೆಟ್ ಇರಲಿ, ಮಿಕ್ಕದ್ದನ್ನು ಅಲ್ಲೇ ಕೊಳ್ಳಿ. ಹತ್ತಿಯ ಒಳಉಡುಪು, ಮನೆಯಲ್ಲಿ ಉಡುವ ಪಂಚೆ, ನೈಟಿ, ಹಬ್ಬಕ್ಕೆ ಎರಡು ಮೂರು ಸೀರೆ, ಮಕ್ಕಳಿಗೆ ಒಂದೊಂದು ಜೊತೆ ಸಾಂಪ್ರದಾಯಿಕ ಉಡುಪು ಸಾಕು. ಕನ್ನಡಕ ಹಾಕುವವರು ಎರಡು ಜೊತೆ ಹೆಚ್ಚಿಗೆ ಮಾಡಿಸಿ. ಹಲವು ದೇಶಗಳಲ್ಲಿ ಕನ್ನಡಕಕ್ಕೆ, ಹಲ್ಲಿನ ಚಿಕಿತ್ಸೆಗೆ ತೆರಬೇಕಾದ ದರ ನಮಗಿಂತ ಬಹಳ ಹೆಚ್ಚು.

ಹಳೆಯ ರೇಷ್ಮೆ ಸೀರೆಗಳನ್ನು ಪಾತ್ರೆ ಮಾರುವವರಿಗೆ ಕೊಟ್ಟು ಸ್ಟೀಲ್ ಡಬ್ಬಿ ತೆಗೆದುಕೊಳ್ಳುವ ಮುನ್ನ ಸ್ವಲ್ಪ ನಿಲ್ಲಿ. ಅಸಲಿ ಜರಿಯಲ್ಲಿ ಬೆಳ್ಳಿ ಇರುತ್ತದೆ. ರಾಜ್ಯದ ರೇಷ್ಮೆ ಉದ್ಯಮಗಳ ನಿಗಮ ನೇಯಿಸುವ ಮೈಸೂರು ಸಿಲ್ಕ್‌ನ ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ ಇರುತ್ತದೆ. ಹಳೆ ಜರಿಯನ್ನು ತೂಕ ಮಾಡಿ ಕೊಳ್ಳುವ ಅಂಗಡಿಗಳಲ್ಲಿ ಒಮ್ಮೆ ವಿಚಾರಿಸಿ ಆಮೇಲೆ ನಿರ್ಧರಿಸಿ. ಇಟ್ಟುಕೊಳ್ಳುವ ಸೀರೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ, ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ವರ್ಷಕ್ಕೊಮ್ಮೆ ಮಡಿಕೆ ಬದಲಿಸುವವರು ಇರಬೇಕು, ಇಲ್ಲದಿದ್ದರೆ ಮಡಿಕೆಯ ಗೆರೆಯಲ್ಲೇ ಹರಿಯುತ್ತದೆ.

ಒಡವೆ ಒಯ್ಯುವವರು ವಿಮಾನ ಹತ್ತುವ ಮೊದಲು ಕಸ್ಟಮ್ಸ್ ಕೌಂಟರಿನಲ್ಲಿ ಅದನ್ನು ತೋರಿಸಿ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳಬೇಕು. ಅದಿದ್ದರೆ ಮುಂದೆ ಮದುವೆ ಮುಂಜಿಗೆ ಅದೇ ಸರ ಹಾಕಿಕೊಂಡು ಬಂದಾಗ ಸುಂಕದ ತಕರಾರು ಇರುವುದಿಲ್ಲ. ಬೆಲೆ ಕಟ್ಟಿಸಿದ ಚೀಟಿ, ಒಡವೆಯ ಫೋಟೊ ಜೊತೆಗಿರಲಿ. ಬ್ಯಾಂಕ್ ಲಾಕರಿನಲ್ಲಿಟ್ಟು ಹೋಗುವವರು ಜಂಟಿ ಹೆಸರು ಅಥವಾ ನಾಮಿನಿ ಸೇರಿಸಿ, ಊರಿಗೆ ಬಂದಾಗಲೆಲ್ಲ ಒಮ್ಮೆ ತೆರೆದು ನೋಡಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಏಳು ವರ್ಷ ಯಾರೂ ಮುಟ್ಟದ, ವಾರಸುದಾರರೂ ಪತ್ತೆಯಾಗದ ಲಾಕರನ್ನು ಬಾಡಿಗೆ ತಪ್ಪದೆ ಕಟ್ಟುತ್ತಿದ್ದರೂ ಬ್ಯಾಂಕು ತೆರೆಯಬಹುದು.

ಪುಸ್ತಕ ಮತ್ತು ಫೋಟೊ

ಪುಸ್ತಕ ಭಾರದ ಬಾಬತ್ತು. ಇಂಗ್ಲಿಷ್ ಪುಸ್ತಕ ಎಲ್ಲೂ ಸಿಗುತ್ತದೆ, ಕನ್ನಡದ್ದು ಸಿಗುವುದಿಲ್ಲ. ಅದರಲ್ಲೂ ಮಕ್ಕಳ ಪುಸ್ತಕ, ಕಾಗುಣಿತದ ಪುಸ್ತಕ, ಒಂದು ಒಳ್ಳೆಯ ನಿಘಂಟು ಒಯ್ಯಿರಿ. ಹೊರದೇಶಗಳ ಕನ್ನಡ ಕೂಟಗಳು ನಡೆಸುವ ಕನ್ನಡ ಕಲಿಕೆಯ ತರಗತಿಗಳಿಗೂ ಅವು ಉಪಯೋಗಕ್ಕೆ ಬರುತ್ತವೆ.

ಉಳಿದ ಸಂಗ್ರಹಕ್ಕೆ ದಾರಿಗಳಿವೆ. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದಂಗಡಿಗಳು ಒಳ್ಳೆಯ ಸ್ಥಿತಿಯ ಇಂಗ್ಲಿಷ್ ಪುಸ್ತಕ ಕೊಳ್ಳುತ್ತವೆ. ಪಠ್ಯಪುಸ್ತಕ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಿಗೆ ಅವೆನ್ಯೂ ರಸ್ತೆ. ಊರಿನ ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಈಗಿನ ಹೆಸರಲ್ಲಿ ‘ಅರಿವು ಕೇಂದ್ರ’, ಕಥೆ–ಕಾದಂಬರಿ, ಮಕ್ಕಳ ಪುಸ್ತಕ ಕೊಟ್ಟರೆ ಬೇಡವೆನ್ನುವುದಿಲ್ಲ. ಪಾಂಡವಪುರದ ಬಳಿಯ ಹರಳಹಳ್ಳಿಯಲ್ಲಿ ಅಂಕೇಗೌಡರು ಕಟ್ಟಿದ ‘ಪುಸ್ತಕ ಮನೆ’ಯಲ್ಲಿ ಲಕ್ಷಾಂತರ ಪುಸ್ತಕಗಳಿವೆ, ಹಳೆಯ ಮಾಸಪತ್ರಿಕೆಗಳ ಸಂಪುಟದಂಥ ಅಪರೂಪದ್ದು ನಿಮ್ಮಲ್ಲಿದ್ದರೆ ರದ್ದಿಗೆ ಹಾಕುವ ಮುನ್ನ ಇಂಥ ಕಡೆ ಕೇಳಿ ನೋಡಿ.

ಮದುವೆಯ ಆಲ್ಬಮ್ಮೇ ಐದಾರು ಕೆ.ಜಿ. ತೂಗುವುದುಂಟು. ಫೋಟೊಗಳನ್ನು ಸ್ಕ್ಯಾನ್ ಮಾಡಿಸಿ. ಸಾಮಾನ್ಯ ಪ್ರಿಂಟಿಗೆ 300 ಡಿಪಿಐ ಸಾಕು, ಚಿಕ್ಕ ಹಳೆಯ ಕಪ್ಪು–ಬಿಳುಪು ಚಿತ್ರಕ್ಕೆ 600. ಅಜ್ಜಿ, ದೊಡ್ಡಪ್ಪ ಇದ್ದಾಗಲೇ ಕೂತು, ಚಿತ್ರದಲ್ಲಿರುವವರು ಯಾರೆಂದು ಕೇಳಿ ಬರೆದುಕೊಳ್ಳಿ. ಹೆಸರು ಗೊತ್ತಿಲ್ಲದ ಫೋಟೊವನ್ನು ಎಷ್ಟು ಜತನವಾಗಿಟ್ಟರೂ ಮುಂದಿನ ತಲೆಮಾರಿಗೆ ಅದು ಬರೀ ಕಾಗದ. ಮೂಲ ಆಲ್ಬಮ್ ಒಬ್ಬರ ಮನೆಯಲ್ಲಿರಲಿ, ಪ್ರತಿ ಎಲ್ಲರ ಹತ್ತಿರ ಇರಲಿ.

ದೇವರ ಮನೆ ಮತ್ತು ಅಜ್ಜನ ಪೆಟ್ಟಿಗೆ

ಎಲ್ಲರೂ ಕೊನೆಗೆ ತಡವರಿಸುವುದು ಇಲ್ಲಿ. ದೇವರ ಫೋಟೊಗಳನ್ನು ಅಶ್ವತ್ಥಕಟ್ಟೆಯ ಬುಡದಲ್ಲಿ ಒರಗಿಸಿ ಬರುವುದು ನಮ್ಮ ಊರುಗಳ ಮಾಮೂಲು. ಮಳೆಗೆ ನೆನೆದು, ಗಾಜು ಒಡೆದು ಬೀದಿಯಲ್ಲಿ ಬೀಳುವುದಕ್ಕಿಂತ ಬೇರೆ ದಾರಿ ಹುಡುಕಬಹುದು. ಕಟ್ಟು, ಗಾಜು ಬೇರೆ ಮಾಡಿ ಒಣಕಸಕ್ಕೆ ಕೊಡಿ. ಚಿತ್ರದ ಹಾಳೆಯನ್ನು ನಿಮ್ಮ ಸಂಪ್ರದಾಯದಂತೆ ವಿಸರ್ಜಿಸಿ. ನಿತ್ಯಪೂಜೆ ಬೇಡುವ ಸಾಲಿಗ್ರಾಮ, ಮನೆದೇವರ ವಿಗ್ರಹಗಳನ್ನು ಪೂಜೆ ನಡೆಸುವ ದಾಯಾದಿಗಳಿಗೆ ಒಪ್ಪಿಸಿ, ಇಲ್ಲವೇ ಮಠ, ದೇವಸ್ಥಾನದವರನ್ನು ಕೇಳಿ. ಜೊತೆಗೆ ಬರಲು ಮನೆದೇವರ ಒಂದು ಚಿಕ್ಕ ಪಟ, ಒಂದು ದೀಪ ಸಾಕು. ದಸರಾ ಗೊಂಬೆಗಳ ಪೆಟ್ಟಿಗೆಯನ್ನು, ಗೊಂಬೆ ಕೂರಿಸುವ ಆಸಕ್ತಿ ಇರುವ ಅಕ್ಕತಂಗಿಯರ ಮನೆಗೆ ಈ ನವರಾತ್ರಿಗೇ ಕಳಿಸಿ. ತುಳಸಿ ಕುಂಡ, ದಾಸವಾಳ, ಮಲ್ಲಿಗೆಗಳಿಗೆ ನೆರೆಯವರಿಗಿಂತ ಒಳ್ಳೆಯ ವಾರಸುದಾರರಿಲ್ಲ.

ಹಳೆಯ ವಸ್ತುಗಳಿಗೆ ಕಾನೂನಿನ ಮುಖವೂ ಇದೆ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷಕ್ಕಿಂತ ಹಳೆಯ ವಿಗ್ರಹ, ನಾಣ್ಯ, ಕಲಾವಸ್ತುಗಳನ್ನೂ 75 ವರ್ಷ ದಾಟಿದ, ಮೌಲ್ಯವುಳ್ಳ ಹಸ್ತಪ್ರತಿಗಳನ್ನೂ ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಹಿತ್ತಾಳೆಯ ಮೂರ್ತಿ ಹೊಸದೇ ಆದರೂ ಹಳೆಯದರಂತೆ ಕಂಡರೆ ಕಸ್ಟಮ್ಸ್‌ನವರು ತಡೆಯಬಹುದು. ‘ಇದು ಪ್ರಾಚ್ಯವಸ್ತುವಲ್ಲ’ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯಿಂದ ಮೊದಲೇ ಪಡೆಯಬಹುದು. ಮನೆಯಲ್ಲಿ ತಾಳೆಗರಿ ಕಟ್ಟು ಇದ್ದರೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಸಂಸ್ಥೆಯನ್ನು ಸಂಪರ್ಕಿಸಿ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿದ್ದು ಅಲ್ಲಿಗೆ ಬಂದು ಸೇರಿದ್ದ ಕಟ್ಟುಗಳಲ್ಲೇ.

ಅಜ್ಜನ ಕಾಲದ ಕೃಷ್ಣಾಜಿನ, ದಂತದ ಕೆತ್ತನೆ, ಗೋಡೆಯ ಜಿಂಕೆಕೊಂಬುಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಇವನ್ನು ಒಯ್ಯುವಂತಿಲ್ಲ, ಮಾರುವಂತಿಲ್ಲ. ಸುಮ್ಮನೆ ಯಾರಿಗೋ ದಾಟಿಸಲೂ ಬೇಡಿ. ಅರಣ್ಯ ಇಲಾಖೆಯವರನ್ನು ಕೇಳಿ ಮುಂದುವರಿಯಿರಿ. ನವಿಲುಗರಿಯನ್ನೂ ದೇಶದಾಚೆ ಒಯ್ಯುವಂತಿಲ್ಲ.

ಮಾರುವಾಗ ಎಚ್ಚರ

ದೊಡ್ಡ ಸಾಮಾನನ್ನು ಹೊರಡುವ ಎರಡು ತಿಂಗಳು ಮೊದಲೇ ಮಾರಾಟಕ್ಕೆ ಹಾಕಿ. ದಿನ ಹತ್ತಿರವಾದಷ್ಟೂ ಕೊಳ್ಳುವವರಿಗೆ ನಿಮ್ಮ ಅವಸರ ತಿಳಿಯುತ್ತದೆ, ಬೆಲೆ ಇಳಿಯುತ್ತದೆ. ಅಪಾರ್ಟ್‌ಮೆಂಟಿನ, ಕಚೇರಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೊದಲು ಹಾಕಿ. ಗೊತ್ತಿರುವವರಿಗೆ ಸ್ವಲ್ಪ ಕಡಿಮೆಗೆ ಹೋದರೂ ತಲೆನೋವಿರುವುದಿಲ್ಲ. ಬಿಲ್ಲು, ವಾರಂಟಿ ಕಾರ್ಡು, ಕೊಂಡ ವರ್ಷ, ಇರುವ ದೋಷ ಎಲ್ಲವನ್ನೂ ತಿಳಿಸಿ. ಫ್ರಿಜ್, ವಾಷಿಂಗ್ ಮಷಿನ್, ಹಾಸಿಗೆ ಕೊನೆಯ ದಿನದವರೆಗೆ ಬೇಕಾದರೆ ಮುಂಗಡ ಪಡೆದು, ಒಯ್ಯುವ ದಿನಾಂಕ ಬರೆದುಕೊಡಿ.

ಆನ್‌ಲೈನಿನಲ್ಲಿ ಮಾರುವವರಿಗೆ ಒಂದು ಮಾತು. ‘ಸೈನ್ಯದಲ್ಲಿದ್ದೇನೆ, ಸಾಮಾನು ನೋಡದೆಯೇ ಕೊಳ್ಳುತ್ತೇನೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಹಣ ಬರುತ್ತದೆ’ ಎನ್ನುವವರು ಮೋಸಗಾರರು. ಹಣ ಪಡೆಯಲು ಯುಪಿಐ ಪಿನ್ ಎಂದೂ ಬೇಕಾಗುವುದಿಲ್ಲ. ಮೋಸವಾಗಿದ್ದರೆ ಕೂಡಲೇ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹಳೆ ಫೋನು, ಲ್ಯಾಪ್‌ಟಾಪ್ ಕೊಡುವ ಮುನ್ನ ಖಾತೆಗಳಿಂದ ಲಾಗ್‌ಔಟ್ ಆಗಿ, ಫ್ಯಾಕ್ಟರಿ ರೀಸೆಟ್ ಮಾಡಿ, ಸಿಮ್, ಮೆಮೊರಿ ಕಾರ್ಡ್ ತೆಗೆಯಿರಿ. ಕೆಟ್ಟುಹೋದ ಎಲೆಕ್ಟ್ರಾನಿಕ್ ಸಾಮಾನು, ಬ್ಯಾಟರಿ, ಟ್ಯೂಬ್‌ಲೈಟುಗಳನ್ನು ಮಾಮೂಲು ಕಸದಲ್ಲಿ ಹಾಕದೆ ನೋಂದಾಯಿತ ಇ–ತ್ಯಾಜ್ಯ ಸಂಗ್ರಾಹಕರಿಗೆ ತಲುಪಿಸಿ. ಆಧಾರ್ ನಕಲು, ಬ್ಯಾಂಕ್ ಪಾಸ್‌ಬುಕ್, ಹಳೆ ಚೆಕ್ಕುಗಳನ್ನು ರದ್ದಿ ಪೇಪರಿನ ಜೊತೆ ತೂಕಕ್ಕೆ ಹಾಕಬೇಡಿ, ಚೂರು ಮಾಡಿ.

ಕೊಡುವುದಕ್ಕೂ ಒಂದು ರೀತಿ ಇದೆ

ಮನೆಕೆಲಸದವರಿಗೆ, ಕಾವಲುಗಾರರಿಗೆ ಕೊಡುವಾಗ ಬೇಡದ್ದನ್ನೆಲ್ಲ ಗುಡ್ಡೆ ಹಾಕಿ ‘ತಗೊಂಡು ಹೋಗಿ’ ಎನ್ನುವುದು ಮರ್ಯಾದೆಯಲ್ಲ. ‘ಅಕ್ಕಾ, ನಿಮಗೆ ಇದರಲ್ಲಿ ಯಾವುದು ಬೇಕು?’ ಎಂದು ಮೊದಲೇ ಕೇಳಿ. ಹರಿದದ್ದು, ಕೆಟ್ಟದ್ದು ಕೊಡಬೇಡಿ. ಫ್ರಿಜ್ಜು, ಮಂಚದಂಥದ್ದು ಕೊಟ್ಟರೆ ಸಾಗಿಸುವ ಆಟೊ ಬಾಡಿಗೆ ನೀವೇ ಕೊಡಿ, ‘ಇದನ್ನು ನಾವೇ ಕೊಟ್ಟಿದ್ದೇವೆ’ ಎಂದು ಸಹಿ ಹಾಕಿದ ಚೀಟಿ, ಬಿಲ್ಲಿನ ನಕಲು ಜೊತೆಗಿಡಿ. ಗೇಟಿನಲ್ಲೋ ದಾರಿಯಲ್ಲೋ ಅವರನ್ನು ಅನುಮಾನಿಸಿ ನಿಲ್ಲಿಸುವವರು ಇದ್ದೇ ಇರುತ್ತಾರೆ. ಬಟ್ಟೆ, ಪಾತ್ರೆ, ಶಾಲಾ ಸಾಮಗ್ರಿಗಳನ್ನು ಗೂಂಜ್‌ನಂಥ ಸಂಸ್ಥೆಗಳಿಗೆ ಕೊಡಬಹುದು; ಒಗೆದು, ಮಡಿಸಿ, ವಿಂಗಡಿಸಿ ಕೊಡಿ.

ಗಾಡಿ, ಗ್ಯಾಸು, ಕಾಗದಪತ್ರ

ಕಾರು, ಸ್ಕೂಟರ್ ಮಾರಿದರೆ ಬರೀ ಕೀ ಕೊಟ್ಟು ಹಣ ಪಡೆದು ಹೋಗಬೇಡಿ. ಫಾರಂ 29 ಮತ್ತು 30 ಸಲ್ಲಿಸಿ, ಆರ್‌ಸಿಯಲ್ಲಿ ಹೊಸ ಮಾಲೀಕರ ಹೆಸರು ಬಂದಿದೆ ಎಂದು ಖಾತ್ರಿ ಮಾಡಿಕೊಳ್ಳಿ. ರಾಜ್ಯದೊಳಗಿನ ಮಾರಾಟವಾದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಇದಾಗದೆ ಹೊರಟರೆ ಮುಂದೆ ಆ ಗಾಡಿಯ ಅಪಘಾತಕ್ಕೂ ದಂಡಕ್ಕೂ ನಿಮ್ಮನ್ನೇ ಹುಡುಕುತ್ತಾರೆ. ಫಾಸ್ಟ್ಯಾಗ್ ಮುಚ್ಚಿಸಿ. ವಿಮೆಯ ನೋ ಕ್ಲೇಮ್ ಬೋನಸ್ಸನ್ನು ಪತ್ರ ಪಡೆದು ಮೂರು ವರ್ಷ ಕಾಯ್ದಿರಿಸಬಹುದು, ಅಷ್ಟರಲ್ಲಿ ಮರಳಿದರೆ ಹೊಸ ಗಾಡಿಗೆ ಬಳಕೆಯಾಗುತ್ತದೆ.

ಗ್ಯಾಸ್ ಸಿಲಿಂಡರನ್ನು ಪಕ್ಕದ ಮನೆಗೆ ದಾಟಿಸುವುದು ನಿಯಮಬಾಹಿರ. ಸಿಲಿಂಡರ್, ರೆಗ್ಯುಲೇಟರ್ ಎರಡನ್ನೂ ಏಜೆನ್ಸಿಗೆ ಒಪ್ಪಿಸಿದರೆ ಠೇವಣಿ ಮರಳುತ್ತದೆ, ಟರ್ಮಿನೇಷನ್ ವೋಚರ್ ಕೊಡುತ್ತಾರೆ. ಮುಂದೆ ವಾಪಸಾದಾಗ ಹೊಸ ಸಂಪರ್ಕಕ್ಕೆ ಅದನ್ನು ತೋರಿಸಬಹುದು, ಜೋಪಾನವಾಗಿಡಿ.

ಕಾಗದಪತ್ರಗಳ ಮೂಲ ಪ್ರತಿ ಕೈಚೀಲದಲ್ಲೇ ಇರಲಿ: ಜನನ ಪ್ರಮಾಣಪತ್ರ, ಮದುವೆ ನೋಂದಣಿ, ಎಸ್ಸೆಸ್ಸೆಲ್ಸಿಯಿಂದ ಪದವಿವರೆಗಿನ ಅಂಕಪಟ್ಟಿ, ಅನುಭವ ಪತ್ರ, ಮಕ್ಕಳ ಟಿ.ಸಿ. ಮತ್ತು ಲಸಿಕೆ ಕಾರ್ಡ್, ಔಷಧಗಳ ಮೂಲ ಹೆಸರು ಬರೆದ ವೈದ್ಯರ ಚೀಟಿ. ಹಲವು ದೇಶಗಳು ದಾಖಲೆ ಅಸಲಿ ಎಂದು ದೃಢಪಡಿಸುವ ಅಪೊಸ್ಟಿಲ್ ಮುದ್ರೆ ಕೇಳುತ್ತವೆ. ಅಪೊಸ್ಟಿಲ್ ಒಪ್ಪಂದ ಭಾರತದಲ್ಲಿ ಜಾರಿಗೆ ಬಂದದ್ದು 2005ರಲ್ಲಿ, ಕೆನಡಾದಲ್ಲಿ 2024ರಲ್ಲಿ. ವಿದೇಶಾಂಗ ಸಚಿವಾಲಯದ ಮುದ್ರೆಗೆ ಮೊದಲು ರಾಜ್ಯ ಮಟ್ಟದ ದೃಢೀಕರಣ ಬೇಕಾಗುವುದರಿಂದ ಮೂರು ತಿಂಗಳು ಮೊದಲೇ ಅರ್ಜಿ ಹಾಕಿ. ಆಸ್ತಿಪತ್ರಗಳು ಊರಲ್ಲೇ ಇರಲಿ, ಅವುಗಳ ಸ್ಕ್ಯಾನ್ ಪ್ರತಿ ನಿಮ್ಮ ಬಳಿ ಇರಲಿ.

ಅಪ್ಪ–ಅಮ್ಮನ ಮನೆ ಗೋದಾಮಲ್ಲ

‘ಊರಲ್ಲಿ ಜಾಗ ಇದೆಯಲ್ಲ’ ಎಂಬ ಧೈರ್ಯದಿಂದ ಲಾರಿ ತುಂಬ ಸಾಮಾನು ಕಳಿಸುವವರಿದ್ದಾರೆ. ಎಪ್ಪತ್ತು ದಾಟಿದ ತಾಯಿತಂದೆಯರು ಅದರ ಧೂಳು ಹೊಡೆಯುತ್ತ, ಇಲಿ ಓಡಿಸುತ್ತ ಕೂರಬೇಕೇ? ಮಲೆನಾಡು, ಕರಾವಳಿಯ ಮಳೆಗೆ ಹಾಸಿಗೆಗೆ ಬೂಷ್ಟು ಹಿಡಿಯುತ್ತದೆ, ಪುಸ್ತಕಕ್ಕೆ ಗೆದ್ದಲು ಬರುತ್ತದೆ. ಓಡಿಸದೆ ನಿಲ್ಲಿಸಿದ ಸ್ಕೂಟರಿನ ಬ್ಯಾಟರಿ ಸಾಯುತ್ತದೆ. ಎರಡು ವರ್ಷದ ಮೇಲೆ ಮರಳಿದಾಗ ಆ ಟಿವಿಯನ್ನು ನೀವೇ ಬೇಡವೆನ್ನುತ್ತೀರಿ. ಬಾಡಿಗೆ ಗೋದಾಮಿನ ಲೆಕ್ಕವೂ ಅಷ್ಟೆ: ತಿಂಗಳ ಬಾಡಿಗೆಯನ್ನು 24ರಿಂದ ಗುಣಿಸಿ, ಒಳಗಿಡುವ ಸಾಮಾನಿನ ಇಂದಿನ ಮಾರಾಟ ಬೆಲೆಯ ಪಕ್ಕ ಬರೆದು ನೋಡಿ. ಊರಿಗೆ ಕಳಿಸಲೇಬೇಕಾದರೆ ಎರಡು ಟ್ರಂಕಿಗೆ ಮಿತಿ ಹಾಕಿ, ಒಳಗಿರುವುದರ ಪಟ್ಟಿಯನ್ನು ಮುಚ್ಚಳಕ್ಕೆ ಅಂಟಿಸಿ.

ಹಡಗಿನಲ್ಲಿ ಕಳಿಸುವುದಾದರೆ ದರ ತೂಕಕ್ಕಲ್ಲ, ಘನ ಮೀಟರಿಗೆ. ಬೆಂಗಳೂರಿನ ಸಾಮಾನು ಹೆಚ್ಚಾಗಿ ಚೆನ್ನೈ ಬಂದರಿನ ಮೂಲಕ ಹೋಗುತ್ತದೆ, ಮನೆ ಬಾಗಿಲಿಗೆ ತಲುಪಲು ಒಂದೂವರೆಯಿಂದ ಮೂರು ತಿಂಗಳು ಹಿಡಿಯಬಹುದು. ವಿಮಾನದ ಸರಕಿಗೆ ಗಾತ್ರದ ಲೆಕ್ಕವೂ ಉಂಟು: ಉದ್ದ, ಅಗಲ, ಎತ್ತರಗಳನ್ನು ಸೆಂ.ಮೀ.ನಲ್ಲಿ ಗುಣಿಸಿ 6000ದಿಂದ ಭಾಗಿಸಿದಾಗ ಬರುವ ಸಂಖ್ಯೆ ನಿಜ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ಹಣ. ಕಂಪನಿ ಖರ್ಚು ಕೊಡದಿದ್ದರೆ ಪೀಠೋಪಕರಣ ಸಾಗಿಸುವುದು ಸಾಮಾನ್ಯವಾಗಿ ನಷ್ಟದ ಬಾಬತ್ತೇ. ವೀಣೆ, ತಂಬೂರಿಯಂಥ ವಾದ್ಯವಿದ್ದರೆ ಮಾತ್ರ ಬೇರೆ ಮಾತು.

ಯಾವಾಗ ಏನು?

ಮೂರು ತಿಂಗಳು ಮೊದಲು: ಕೋಣೆವಾರು ಪಟ್ಟಿ, ದಾಖಲೆಗಳ ದೃಢೀಕರಣ, ಅಟ್ಟ ಮತ್ತು ಬಚ್ಚಲುಮನೆಯ ಸಫಾಯಿ.

ಎರಡು ತಿಂಗಳು ಮೊದಲು: ಗಾಡಿ, ಪೀಠೋಪಕರಣಗಳ ಮಾರಾಟಕ್ಕೆ ಚಾಲನೆ, ಪುಸ್ತಕ ದಾನ, ದಿನಸಿ ಕೊಳ್ಳುವುದಕ್ಕೆ ಕಡಿವಾಣ, ಬಾಡಿಗೆ ಮನೆಯಾದರೆ ಮಾಲೀಕರಿಗೆ ನೋಟಿಸ್.

ಒಂದು ತಿಂಗಳು ಮೊದಲು: ಬಟ್ಟೆ–ಪಾತ್ರೆ ವಿಲೇವಾರಿ, ಫೋಟೊ ಸ್ಕ್ಯಾನ್, ಲಾಕರ್, ಕನ್ನಡಕ, ಹಲ್ಲಿನ ವೈದ್ಯರ ಭೇಟಿ, ಬ್ಯಾಂಕ್ ಖಾತೆಯನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆಯಾಗಿ ಬದಲಿಸಲು ಬೇಕಾದ ಕ್ರಮದ ವಿಚಾರಣೆ.

ಕೊನೆಯ ವಾರ: ಫ್ರಿಜ್, ಹಾಸಿಗೆ, ಗ್ಯಾಸ್, ಇಂಟರ್ನೆಟ್, ಮನೆಯಲ್ಲೇ ಪೆಟ್ಟಿಗೆ ತೂಗಿ ನೋಡುವುದು. ಒಂದೇ ಪೆಟ್ಟಿಗೆ 32 ಕೆ.ಜಿ. ಮೀರಿದರೆ ಹೆಚ್ಚು ಹಣ ಕೊಟ್ಟರೂ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ.

ಕೊನೆಯ ಮಾತು. ಹೊರಡುವವರು ನೀವು, ನಿಮ್ಮ ಸಾಮಾನಿನ ತೀರ್ಮಾನ ಮಾಡಬೇಕಾದವರೂ ನೀವೇ. ಇಲ್ಲಿ ಉಳಿಯುವವರ ತಲೆಗೆ ಅದನ್ನು ಕಟ್ಟಿ ಹೋಗಬೇಡಿ. ಪ್ರತಿ ವಸ್ತುವಿಗೂ ಒಂದು ಮನೆ, ಒಂದು ಹೆಸರು ಗೊತ್ತು ಮಾಡಿ ಬೀಗದ ಕೈ ಒಪ್ಪಿಸಿ. ಟಿಕೆಟ್ ದಿನಾಂಕ ಗೊತ್ತಾಗುವವರೆಗೆ ಕಾಯದೆ, ಈ ಭಾನುವಾರವೇ ಒಂದು ಕಪಾಟಿನಿಂದ ಶುರು ಮಾಡಿ.